ಬಣ್ಣದ ಮರೆಯಲ್ಲಿ ಸೀಸ

ಅಡುಗೆಯ ಪದಾರ್ಥವನ್ನು ಪರೀಕ್ಷಿಸುವ ಕ್ರಮಗಳು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿವೆ. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸುತ್ತೇವೆ. ಬೇಳೆಯಲ್ಲಿ ಹುಳುವಿದ್ದರೆ ಬಿಸಿಲಿಗೆ ಹರಡುತ್ತೇವೆ. ಹಾಲು ಕೆಟ್ಟದ್ದನ್ನು ವಾಸನೆಯಿಂದಲೇ ಅರಿಯುತ್ತೇವೆ. ಎಣ್ಣೆ ಹಳಸಿದ್ದರೆ ನಾಲಿಗೆಯೇ ಹೇಳುತ್ತದೆ. ಕಣ್ಣು, ಮೂಗು, ನಾಲಿಗೆಗಳೆಂಬ ಈ ಮೂವರು ಕಾವಲುಗಾರರನ್ನು ನಂಬಿಕೊಂಡೇ ನಮ್ಮ ತಾಯಂದಿರು ಸಂಸಾರದ ಆರೋಗ್ಯವನ್ನು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಈ ಮೂವರನ್ನೂ ವಂಚಿಸಿ ಹೊಸ್ತಿಲು ದಾಟಿ ಬರುವ ವಿಷಗಳೂ ಇವೆ. ಅಂಥವುಗಳಲ್ಲಿ ಬಹು ಹಳೆಯದು ಸೀಸ.

ಗೋಡೆ, ಬಾಗಿಲು, ತೊಟ್ಟಿಲುಗಳಿಗೆ ಬಳಿದ ಬಣ್ಣದಲ್ಲಿ, ಮಕ್ಕಳ ಆಟಿಕೆಯಲ್ಲಿ, ಕಣ್ಣಿಗೆ ಹಚ್ಚುವ ಸುರ್ಮಾದಲ್ಲಿ, ಕೆಲವೊಮ್ಮೆ ಅಡುಗೆಯ ಅರಿಸಿನದಲ್ಲಿಯೂ ಅದು ಅಡಗಿರಬಲ್ಲದು. ನೋಡಿದರೆ ಕಾಣದು, ಮೂಸಿದರೆ ತಿಳಿಯದು. ಹಾಗಾದರೆ ಅದನ್ನು ಕಂಡುಹಿಡಿದವರು ಯಾರು? ಮನೆಗಳಿಂದ ಹೊರದೂಡಲು ಶ್ರಮಿಸಿದವರು ಯಾರು? ಪ್ರಯೋಗಾಲಯಗಳಲ್ಲಿ ಕುಳಿತು ಅಳತೆ ಮಾಡಿದ ವೈದ್ಯರು, ರಸಾಯನಶಾಸ್ತ್ರಜ್ಞರು ಮತ್ತು ಅವರ ಮಾತಿಗೆ ಕಿವಿಗೊಟ್ಟ ಅಧಿಕಾರಿಗಳು. ಅವರ ಪರಿಶ್ರಮವನ್ನು ವಾಚಕರಿಗೆ ಪರಿಚಯಿಸುವುದೂ, ಅದರಲ್ಲಿ ಗೃಹಸ್ಥರ ಪಾಲು ಯಾವುದೆಂಬುದನ್ನು ವಿಚಾರಿಸುವುದೂ ಈ ತಿಂಗಳ ಉದ್ದೇಶ.

ಸೀಸ ಬಣ್ಣಕ್ಕೆ ಬಂದ ಬಗೆ

ಸೀಸ ಮೃದುವಾದ ಲೋಹ, ಸುಲಭವಾಗಿ ಕರಗುತ್ತದೆ. ಅದರ ಸಂಯುಕ್ತಗಳು ಬಗೆಬಗೆಯ ವರ್ಣಗಳನ್ನು ಕೊಡುತ್ತವೆ. ಒಂದು ಸಂಯುಕ್ತ ಅಚ್ಚ ಬಿಳುಪು, ಇನ್ನೊಂದು ಕೆಂಪು, ಕ್ರೋಮಿಯಂ ಜೊತೆ ಸೇರಿದ ಲೆಡ್ ಕ್ರೋಮೇಟ್ ಎಂಬುದು ಹೊಳೆಯುವ ಹಳದಿ. ಎಣ್ಣೆಯಲ್ಲಿ ಕಲಸಿದ ಬಣ್ಣ ಬೇಗ ಒಣಗಲೆಂದೂ ಸೀಸದ ಸಂಯುಕ್ತಗಳನ್ನು ಬೆರೆಸುವುದುಂಟು. ಹೀಗೆ ಹೊಳಪು, ಬಾಳಿಕೆ, ಕಡಿಮೆ ಬೆಲೆ ಎಂಬ ಮೂರು ಗುಣಗಳು ಒಂದೆಡೆ ದೊರೆತದ್ದರಿಂದ ಬಣ್ಣದ ತಯಾರಕರಿಗೆ ಸೀಸ ಅಚ್ಚುಮೆಚ್ಚಾಯಿತು.

ಆದರೆ ಬಣ್ಣ ಶಾಶ್ವತವಲ್ಲ. ಬಿಸಿಲು, ಮಳೆ, ತಿಕ್ಕಾಟಗಳಿಂದ ಅದು ಸವೆದು ಪುಡಿಯಾಗುತ್ತದೆ. ಆ ಪುಡಿ ನೆಲದ ಧೂಳಿನಲ್ಲಿ ಬೆರೆಯುತ್ತದೆ. ಅಂಬೆಗಾಲಿಡುವ ಕೂಸು ಅದೇ ನೆಲದ ಮೇಲೆ ಕೈಯೂರಿ, ಅದೇ ಕೈಯನ್ನು ಬಾಯಿಗಿಟ್ಟುಕೊಳ್ಳುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮಗುವಿನ ದೇಹ ಹೀರಿಕೊಳ್ಳಬಲ್ಲದು. ಊಟದಲ್ಲಿ ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿದ್ದರೆ ಈ ಹೀರುವಿಕೆ ಇನ್ನೂ ಹೆಚ್ಚುತ್ತದೆ. ರಕ್ತಕ್ಕೆ ಸೇರಿದ ಸೀಸ ಕ್ಯಾಲ್ಸಿಯಂನಂತೆ ನಟಿಸಿ ಮೂಳೆಯಲ್ಲಿ ಮನೆಮಾಡುತ್ತದೆ. ಅಲ್ಲಿ ದಶಕಗಳ ಕಾಲ ಇರುತ್ತದೆ. ಹೆಣ್ಣುಮಗಳು ಬಾಲ್ಯದಲ್ಲಿ ಸೇವಿಸಿದ ಸೀಸ ಮುಂದೆ ಆಕೆ ಬಸುರಿಯಾದಾಗ ಮೂಳೆಯಿಂದ ಕರಗಿ ಬಂದು ಗರ್ಭಸ್ಥ ಶಿಶುವನ್ನು ತಲುಪುತ್ತದೆ.

ಪ್ರಮಾಣ ಹೆಚ್ಚಾದರೆ ಹೊಟ್ಟೆನೋವು, ರಕ್ತಹೀನತೆ, ಸೆಳವು, ಕೊನೆಗೆ ಮರಣ. ಕಡಿಮೆಯಿದ್ದರೆ ಹೊರಗೆ ಏನೂ ಕಾಣಿಸದು. ಒಳಗೊಳಗೇ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಮಗು ಪಾಠದಲ್ಲಿ ಹಿಂದೆ ಬೀಳುತ್ತದೆ. ಒಂದೆಡೆ ಮನಸ್ಸು ನಿಲ್ಲಿಸಲಾರದೆ ಚಡಪಡಿಸುತ್ತದೆ. ನಾವು ಅದನ್ನು ದಡ್ಡನೆಂದೋ ತುಂಟನೆಂದೋ ಗದರಿಸಿ ಸುಮ್ಮನಾಗುತ್ತೇವೆ.

ಜಗುಲಿಯ ಕಟಾಂಜನ

ಮನೆಯ ಬಣ್ಣವೇ ಮಕ್ಕಳ ರೋಗಕ್ಕೆ ಕಾರಣವಾಗಬಲ್ಲದೆಂಬುದನ್ನು ಮೊದಲಿಗೆ ಗುರುತಿಸಿದವರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಮಕ್ಕಳ ಆಸ್ಪತ್ರೆಯ ವೈದ್ಯರು ಪ್ರಮುಖರು. 1890ರ ದಶಕದಲ್ಲಿ ಅಲ್ಲಿಗೆ ಕೈಕಾಲು ಸ್ವಾಧೀನ ತಪ್ಪಿದ, ದೃಷ್ಟಿ ಮಂದವಾದ ಮಕ್ಕಳು ಬರತೊಡಗಿದರು. ಇದು ಸೀಸದ ವಿಷವೆಂದು ಡಾ. ಜೆಫರಿಸ್ ಟರ್ನರ್ ಮತ್ತು ಅವರ ಸಹೋದ್ಯೋಗಿಗಳು 1892ರಲ್ಲಿ ಗುರುತಿಸಿದರು. ಆದರೆ ಆ ಸೀಸ ಬಂದದ್ದೆಲ್ಲಿಂದ? ನೀರಿನ ತೊಟ್ಟಿಯಿಂದಲೋ, ಪಾತ್ರೆಯಿಂದಲೋ ಎಂಬ ಶೋಧನೆ ವರ್ಷಗಟ್ಟಲೆ ನಡೆಯಿತು. ಕಣ್ಣಿನ ವೈದ್ಯರಾದ ಡಾ. ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಉತ್ತರ ಪ್ರಕಟಿಸಿದರು. ಆ ಊರಿನ ಮರದ ಮನೆಗಳ ಜಗುಲಿಗೆ ಬಣ್ಣ ಬಳಿದ ಕಟಾಂಜನವಿರುತ್ತಿತ್ತು. ಕಡುಬಿಸಿಲಿಗೆ ಬಣ್ಣ ಪುಡಿಪುಡಿಯಾಗಿ ಮಕ್ಕಳ ಬೆರಳಿಗೆ ಅಂಟುತ್ತಿತ್ತು. ಉಗುರು ಕಚ್ಚುವ, ಬೆರಳು ಚೀಪುವ ಮಕ್ಕಳು ಅದನ್ನು ನುಂಗುತ್ತಿದ್ದರು.

ಮಕ್ಕಳ ಕೈಗೆಟುಕುವ ಕಡೆಗಳಲ್ಲಿ ಸೀಸದ ಬಣ್ಣವನ್ನು ನಿರ್ಬಂಧಿಸುವ ಕಾನೂನು ಆ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ಬಂದದ್ದು 1922ರಲ್ಲಿ. ಅಂದರೆ ಕಾರಣ ತಿಳಿದ ಮೇಲೂ ಹದಿನೆಂಟು ವರ್ಷ ಕಳೆಯಿತು. ಮನೆಯೊಳಗಣ ಬಳಕೆಗೆ ಬಿಳಿ ಸೀಸ ಬೇಡವೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲಿಯೇ ಒಡಂಬಡಿಕೆಯೊಂದನ್ನು ಅಂಗೀಕರಿಸಿತ್ತು. ಅಮೆರಿಕವು ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಲು 1978ರವರೆಗೆ ಕಾಯಿತು. ಸತ್ಯ ತಿಳಿಯುವುದಕ್ಕೂ ಅದು ಕಾಯಿದೆಯಾಗುವುದಕ್ಕೂ ನಡುವೆ ಬೆಳೆದ ಮಕ್ಕಳು ಎಷ್ಟೊಂದು ಮಂದಿ!

ಹಾಲುಹಲ್ಲಿನ ಸಾಕ್ಷ್ಯ

ವಿಳಂಬಕ್ಕೆ ಒಂದು ಕಾರಣವಿತ್ತು. ಮಗು ಕಾಯಿಲೆ ಬಿದ್ದರೆ ಮಾತ್ರ ವಿಷವೆಂದು ಒಪ್ಪುವುದು, ಆಡಿಕೊಂಡಿದ್ದರೆ ಅಪಾಯವಿಲ್ಲವೆಂದು ತಿಳಿಯುವುದು ಅಂದಿನ ವಾಡಿಕೆಯಾಗಿತ್ತು. ಇದನ್ನು ಪ್ರಶ್ನಿಸಿದವರು ಅಮೆರಿಕದ ಮಕ್ಕಳ ವೈದ್ಯ ಹರ್ಬರ್ಟ್ ನೀಡಲ್‌ಮನ್. ರಕ್ತದಲ್ಲಿನ ಸೀಸ ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಲ್ಲಿನಲ್ಲಿ ಸೇರಿದ್ದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಅವರು ಬಾಸ್ಟನ್ ನಗರದ ಸಮೀಪದ ಚೆಲ್ಸಿ ಮತ್ತು ಸಾಮರ್‌ವಿಲ್ ಎಂಬ ಎರಡು ಊರುಗಳ ಒಂದನೆಯ, ಎರಡನೆಯ ತರಗತಿಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಸೀಸವನ್ನು ಅಳೆದರು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವೆಂಬುದನ್ನು ಅರಿಯದ ಉಪಾಧ್ಯಾಯರಿಂದಲೇ ಮಕ್ಕಳ ನಡತೆಯ ವರದಿ ಪಡೆದರು. 1979ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಎಚ್ಚರಿಸಿತು. ಯಾವ ರೋಗಲಕ್ಷಣವೂ ಇಲ್ಲದ, ಆದರೆ ಹಲ್ಲಿನಲ್ಲಿ ಹೆಚ್ಚು ಸೀಸವಿದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿಯೂ ಏಕಾಗ್ರತೆಯಲ್ಲಿಯೂ ಹಿಂದೆ ಬಿದ್ದಿದ್ದರು.

ಇಂಥ ಮಾತು ಆಡಿದವನಿಗೆ ಪುಷ್ಪಮಾಲೆ ಬೀಳಲಿಲ್ಲ. 1990ರ ದಶಕದ ಆರಂಭದಲ್ಲಿ, ಸೀಸೋದ್ಯಮದ ಪರವಾಗಿ ಸಾಕ್ಷ್ಯ ನುಡಿದಿದ್ದ ವಿದ್ವಾಂಸರೇ ಅವರ ಸಂಶೋಧನೆ ಪ್ರಾಮಾಣಿಕವಲ್ಲವೆಂದು ದೂರು ಸಲ್ಲಿಸಿದರು. ಅವರು ಅಧ್ಯಾಪಕರಾಗಿದ್ದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಿಚಾರಣೆ ನಡೆಯಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ಬೇಡ, ಎಲ್ಲರೆದುರಿಗೆ ನಡೆಯಲಿ ಎಂದು ನೀಡಲ್‌ಮನ್ ಪಟ್ಟುಹಿಡಿದರು. ಕೊನೆಗೆ ಅವರು ನಿರ್ದೋಷಿಯೆಂದು ತೀರ್ಮಾನವಾಯಿತು.

ಆ ಅಳತೆಗಳ ಪರಿಣಾಮವನ್ನು ಅಂಕಿಗಳಲ್ಲೇ ಕಾಣಬಹುದು. ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ಸೀಸವಿದ್ದರೂ ಮಗುವಿಗೆ ಚಿಂತೆಯಿಲ್ಲವೆಂದು 1960ರ ದಶಕದಲ್ಲಿ ಭಾವಿಸಲಾಗಿತ್ತು. ಅಮೆರಿಕದ ಆರೋಗ್ಯ ಇಲಾಖೆ ಆ ಮಿತಿಯನ್ನು 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಇಷ್ಟಾದರೆ ಹಾನಿಯಿಲ್ಲವೆಂದು ಹೇಳಬಹುದಾದ ಯಾವ ಮಟ್ಟವೂ ತಿಳಿದುಬಂದಿಲ್ಲವೆಂಬುದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಬೆಂಗಳೂರಿನ ಪ್ರಯೋಗಾಲಯ

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ತಮ್ಮ ಕಾಯಕವನ್ನಾಗಿ ಸ್ವೀಕರಿಸಿದವರು. ಜಾರ್ಜ್ ಫೌಂಡೇಶನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆಯ ಮಹಾಕಾರ್ಯವನ್ನು ಕೈಗೊಂಡಿತು. ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ನಗರದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಸೀಸದ ವಿಷವನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ನೆರವೇರಿತು. ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ದೇಶದಾದ್ಯಂತ ನಿಂತಿತು. ಡಾ. ವೆಂಕಟೇಶ್ ಅವರ ಮುಂದಾಳುತನದಲ್ಲಿ ಸೀಸವಿಷದ ರಾಷ್ಟ್ರೀಯ ಕೇಂದ್ರವೊಂದು ನಮ್ಮ ರಾಜಧಾನಿಯಲ್ಲಿ ರೂಪುಗೊಂಡಿತು.

ಪೆಟ್ರೋಲಿನ ಹೊಗೆ ಕಡಿಮೆಯಾದ ಮೇಲೆ ಉಳಿದದ್ದು ಮನೆಯೊಳಗಿನ ಬಣ್ಣ. ನೀರಿನಲ್ಲಿ ಕಲಸುವ ಗೋಡೆಯ ಬಣ್ಣಗಳಲ್ಲಿ ಸೀಸ ಅತ್ಯಲ್ಪವೆಂದೂ, ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಬಳಿಯುವ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಗಾಢವಾದ ವರ್ಣಗಳಲ್ಲಿ, ವಿಪರೀತವೆಂದೂ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯ ಪರೀಕ್ಷೆಗಳು ತೋರಿಸಿದವು. ಅಂಗಡಿಯಿಂದ ಡಬ್ಬಿ ಕೊಂಡು, ಪರೀಕ್ಷಿಸಿ, ಬಂದ ಅಂಕಿಯನ್ನು ಪ್ರಕಟಿಸುವುದು, ಮರುವರ್ಷ ಮತ್ತೆ ಅದನ್ನೇ ಮಾಡುವುದು, ಇಷ್ಟೇ ಅವರ ವಿಧಾನ. ಇದರ ಫಲವಾಗಿ ದೊಡ್ಡ ತಯಾರಕರು ಸೀಸವನ್ನು ಬಿಡತೊಡಗಿದರು. ಕೇಂದ್ರ ಸರ್ಕಾರ 2016ರ ನವೆಂಬರಿನಲ್ಲಿ ಹೊರಡಿಸಿದ ನಿಯಮವು ಒಂದು ವರ್ಷದ ತರುವಾಯ ಜಾರಿಗೆ ಬಂದಿತು. ಅದರಂತೆ ಮನೆಬಳಕೆಯ ಮತ್ತು ಅಲಂಕಾರದ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗವನ್ನು ಮೀರಕೂಡದು. ಡಬ್ಬಿಯ ಮೇಲೆ ಹಾಗೆಂದು ಮುದ್ರಿಸಿರಬೇಕು. ಕೈಗಾರಿಕಾ ಬಣ್ಣಗಳಿಗೆ ಈ ನಿಯಮ ಅನ್ವಯಿಸದು ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

ಅರಿಸಿನದ ಹಳದಿ

ಬಣ್ಣದ ಡಬ್ಬಿಯಲ್ಲಿದ್ದ ಲೆಡ್ ಕ್ರೋಮೇಟ್ ಅಡುಗೆಮನೆಗೂ ಬಂದ ಸಂಗತಿ ಇನ್ನೂ ಕಳವಳಕಾರಿ. ನೆರೆಯ ಬಾಂಗ್ಲಾದೇಶದ ಹಳ್ಳಿಗಾಡಿನಲ್ಲಿ ಬಸುರಿಯರ ರಕ್ತ ಪರೀಕ್ಷಿಸಿದಾಗ ಅನೇಕರಲ್ಲಿ ಸೀಸ ಹೆಚ್ಚಿರುವುದು ಕಂಡುಬಂದಿತು. ಅಲ್ಲಿ ಕಾರ್ಖಾನೆಯಿಲ್ಲ, ವಾಹನಸಂಚಾರವೂ ಹೆಚ್ಚಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಜೆನ್ನಾ ಫಾರ್ಸೈತ್ ಮತ್ತು ಢಾಕಾದ ಅತಿಸಾರ ರೋಗ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೂಲವನ್ನು ಹುಡುಕಿ ಹೊರಟರು. ಬೇರೆ ಬೇರೆ ಮೂಲದ ಸೀಸದಲ್ಲಿ ಪರಮಾಣುಗಳ ತೂಕದ ಅನುಪಾತ ಬೇರೆ ಬೇರೆ. ಅದು ಹೆಬ್ಬೆಟ್ಟಿನ ಗುರುತಿನಂತೆ. ರಕ್ತದಲ್ಲಿನ ಸೀಸದ ಗುರುತನ್ನು ಅವರು ಮನೆಯ ಸುತ್ತಲಿನ ಅನೇಕ ವಸ್ತುಗಳೊಡನೆ ಹೋಲಿಸಿ ನೋಡಿದರು. ಹೊಂದಿಕೆಯಾದದ್ದು ಅರಿಸಿನಕ್ಕೆ.

ಕಾರಣ ಹುಡುಕಿದಾಗ ತಿಳಿದದ್ದು ಹೀಗೆ: 1980ರ ದಶಕದಲ್ಲಿ ಪ್ರವಾಹದಿಂದ ನೆನೆದು ಬಣ್ಣಗೆಟ್ಟ ಅರಿಸಿನ ಕೊಂಬುಗಳನ್ನು ಮಾರಲು ವ್ಯಾಪಾರಿಗಳು ಹಳದಿ ಬಣ್ಣದ ಪುಡಿ ಹಾಕಿ ಮೆರುಗು ಕೊಡತೊಡಗಿದರು. ಗಿರಾಕಿಗಳಿಗೆ ಆ ಹೊಳಪು ಹಿಡಿಸಿತು. ಪ್ರವಾಹ ಇಳಿದರೂ ಪದ್ಧತಿ ಉಳಿಯಿತು. ಮೆರುಗು ಕೊಡುವ ಕೂಲಿಗಳಲ್ಲಿ ಹಲವರಿಗೆ ತಾವು ಉಜ್ಜುತ್ತಿರುವುದು ವಿಷವೆಂಬುದೇ ತಿಳಿದಿರಲಿಲ್ಲ.

2019ರಲ್ಲಿ ಈ ಸಂಶೋಧನೆ ಪ್ರಕಟವಾದೊಡನೆ ಆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಕಾರ್ಯಪ್ರವೃತ್ತವಾಯಿತು. ಪತ್ರಿಕೆಗಳಲ್ಲಿ ಎಚ್ಚರಿಕೆ ಬಂದಿತು. ಸಂತೆಗಳಲ್ಲಿ ಕರಪತ್ರ ಹಂಚಿದರು. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರದಿಂದ ಢಾಕಾದ ಸಗಟು ಮಾರುಕಟ್ಟೆಯಲ್ಲಿ ಸ್ಥಳದಲ್ಲಿಯೇ ಪರೀಕ್ಷಿಸಿ, ತಪ್ಪಿತಸ್ಥರಿಗೆ ದಂಡ ವಿಧಿಸಿದರು. 2019ರಲ್ಲಿ ಪರೀಕ್ಷಿಸಿದ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸವಿತ್ತು. 2021ರ ವೇಳೆಗೆ ಅದು ಸೊನ್ನೆಗಿಳಿದಿತ್ತು. ಗಿರಣಿಯ ಕೆಲಸಗಾರರ ರಕ್ತದಲ್ಲಿಯೂ ಸೀಸ ತಗ್ಗಿತು. ಬ್ರಿಸ್ಬೇನಿಗೆ ಹದಿನೆಂಟು ವರ್ಷ ಹಿಡಿದ ಕೆಲಸದಂಥದೇ ಒಂದು ಕೆಲಸ ಇಲ್ಲಿ ಎರಡೇ ವರ್ಷಗಳಲ್ಲಿ ಕೈಗೂಡಿತು. ಅಳೆದವರು, ಆಳುವವರು, ಮಾರುವವರು ಒಂದೇ ಕಾಲಕ್ಕೆ ಎಚ್ಚೆತ್ತದ್ದೇ ಇದಕ್ಕೆ ಕಾರಣ.

ನಮ್ಮ ದೇಶಕ್ಕೂ ಇದರ ಸೋಂಕು ಇಲ್ಲದಿಲ್ಲ. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ ಇಪ್ಪತ್ತಮೂರು ನಗರಗಳ 356 ಮಾದರಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡಾ 14ರಷ್ಟರಲ್ಲಿ ಗ್ರಾಮಿಗೆ 2 ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂದಿತು. ಅತಿ ಹೆಚ್ಚು ಇದ್ದ ನಗರಗಳಲ್ಲಿ ಪಾಟ್ನಾ ಒಂದು. ಅರಿಸಿನದಲ್ಲಿ ಲೆಡ್ ಕ್ರೋಮೇಟ್ ಇರಲೇಕೂಡದೆಂಬುದು ನಮ್ಮ ಆಹಾರ ನಿಯಮವೇ ಆಗಿದೆ. ಇರುವ ನಿಯಮ ಪಾಲನೆಯಾಗಬೇಕಷ್ಟೆ.

ಬದಲಿ ಯಾವುದು?

ವಿಷವನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಅದರ ಸ್ಥಾನಕ್ಕೆ ಏನನ್ನು ತರಬೇಕೆಂಬುದು ಉಳಿದರ್ಧ. ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪಿಗೆ ಬೆಂಕಿ ಹತ್ತದಿರಲೆಂದು ಟ್ರಿಸ್ ಎಂಬ ಬ್ರೋಮಿನ್‌ಯುಕ್ತ ರಾಸಾಯನಿಕವನ್ನು ಲೇಪಿಸುತ್ತಿದ್ದರು. ಅದು ಕ್ಯಾನ್ಸರಿಗೆ ಕಾರಣವಾಗಬಹುದೆಂದು ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಂಬ ವಿಜ್ಞಾನಿಗಳು 1977ರಲ್ಲಿ ಎಚ್ಚರಿಸಿದರು. ಅದೇ ವರ್ಷ ನಿಷೇಧವಾಯಿತು. ಆದರೆ ಬದಲಿಗೆ ಬಂದದ್ದು ಬ್ರೋಮಿನ್ ಇದ್ದಲ್ಲಿ ಕ್ಲೋರಿನ್ ಇರುವ ಅದರ ಒಡಹುಟ್ಟು! ಅದೂ ಜೀವಕೋಶಕ್ಕೆ ಹಾನಿಕರವೆಂದು ಮರುವರ್ಷವೇ ತಿಳಿದು ಉಡುಪಿನಿಂದ ಹೊರಬಿತ್ತು. ಆದರೂ ಮುಂದೆ ಸೋಫಾದ ಫೋಮಿನಲ್ಲಿ ಸೇರಿಕೊಂಡಿತು. ಆರ್ಲೀನ್ ಬ್ಲಮ್ 2008ರಲ್ಲಿ ಸಂಸ್ಥೆಯೊಂದನ್ನೇ ಕಟ್ಟಿ ಇಂಥ ರಾಸಾಯನಿಕಗಳ ವಿರುದ್ಧ ಶ್ರಮಿಸಿದರು. ಇವರು 1978ರಲ್ಲಿ ಅನ್ನಪೂರ್ಣಾ ಶಿಖರವನ್ನು ಏರಿದ ಮಹಿಳಾ ತಂಡದ ನಾಯಕಿಯೂ ಹೌದು.

ಸೀಸದ ವಿಷಯದಲ್ಲಿ ನಾವು ಭಾಗ್ಯವಂತರು. ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಹಳದಿಗೆ ಸೀಸರಹಿತ ವರ್ಣದ್ರವ್ಯಗಳು, ಒಣಗಿಸಲು ಬೇರೆ ಲೋಹಗಳ ಲವಣಗಳು ಎಲ್ಲವೂ ದೊರೆಯುತ್ತವೆ. ಹೊಸ ಮಿಶ್ರಣದ ಬಾಳಿಕೆ, ಬೆಲೆಗಳನ್ನು ಸರಿದೂಗಿಸಿ ಕೊಡುವವರು ಕಾರ್ಖಾನೆಯ ಒಳಗಿನ ರಸಾಯನಶಾಸ್ತ್ರಜ್ಞರೇ. ಅವರ ಹೆಸರು ಡಬ್ಬಿಯ ಮೇಲೆ ಇರುವುದಿಲ್ಲ.

ಗೃಹಸ್ಥರ ಪಾಲು

ಮನೆಗೆ ಬಣ್ಣ ಬಳಿಸುವಾಗ ಡಬ್ಬಿಯ ಮೇಲಣ ಬರಹವನ್ನು ಓದಿ, ಸೀಸ 90 ಭಾಗ ಮೀರಿಲ್ಲವೆಂಬ ಒಕ್ಕಣೆಯಿದ್ದರೆ ಮಾತ್ರ ಕೊಳ್ಳಿರಿ. ಯಂತ್ರಗಳಿಗೆಂದು ಮಾಡಿದ ಬಣ್ಣವನ್ನು ಅಗ್ಗವೆಂದು ತೊಟ್ಟಿಲಿಗೋ ಕಿಟಕಿಗೋ ಬಳಿಸಬೇಡಿರಿ. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿಸಿದರೆ ವಿಷದ ಧೂಳು ಮನೆಯೆಲ್ಲ ಹರಡುತ್ತದೆ. ನೀರು ಚಿಮುಕಿಸಿ ಉಜ್ಜಿಸಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಆ ದಿನಗಳಲ್ಲಿ ಮಕ್ಕಳೂ ಬಸುರಿಯರೂ ಬೇರೆಡೆ ಇರುವುದು ಒಳಿತು. ಕೆಲಸ ಮಾಡುವ ಪೇಂಟರುಗಳಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಕೈಕಾಲು ತೊಳೆದು ಬಟ್ಟೆ ಬದಲಿಸಿ ಹೋಗಲು ಅವರಿಗೆ ನೀರು, ಸಾಬೂನು ಒದಗಿಸಿರಿ.

ಕೊಂಬು ಅರಿಸಿನ ಕೊಳ್ಳುವಾಗ ಅತಿಯಾದ ಹೊಳಪಿಗೆ ಮರುಳಾಗಬೇಡಿರಿ. ಮೇಲಿನ ಅಧ್ಯಯನದಲ್ಲಿ ಮೆರುಗು ಕೊಟ್ಟ ಕೊಂಬುಗಳೇ ಹೆಚ್ಚು ಕಲುಷಿತವಾಗಿದ್ದವು. ಆಟಿಕೆಗಳ ಮೇಲೆ ಐ.ಎಸ್.ಐ. ಮುದ್ರೆ 2021ರ ಜನವರಿಯಿಂದ ಕಡ್ಡಾಯವಾಗಿದೆ. ಅದನ್ನು ನೋಡಿ ಕೊಳ್ಳಿರಿ. ಸೀಸದ ಅದಿರನ್ನು ಅರೆದು ಮಾಡುವ ಸುರ್ಮಾ ಕೂಸಿನ ಕಣ್ಣಿಗೆ ಬೇಡ. ಮಕ್ಕಳ ಊಟದಲ್ಲಿ ಸೊಪ್ಪು, ರಾಗಿ, ಕಾಳು, ಹಾಲುಗಳಿದ್ದರೆ ದೇಹಕ್ಕೆ ಕಬ್ಬಿಣವೂ ಕ್ಯಾಲ್ಸಿಯಮ್ಮೂ ದೊರೆತು ಸೀಸದ ಹೀರುವಿಕೆ ತಗ್ಗುತ್ತದೆ. ಸಂಶಯವಿದ್ದರೆ ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿರಿ.

ಆದರೂ ಒಂದು ಮಾತನ್ನು ಮರೆಯಲಾಗದು. ಗೃಹಿಣಿ ಎಷ್ಟೇ ಜಾಣೆಯಾಗಿದ್ದರೂ ಹತ್ತು ಲಕ್ಷದಲ್ಲಿ ತೊಂಬತ್ತು ಭಾಗವನ್ನು ಆಕೆ ಕಣ್ಣಳತೆಯಿಂದ ತಿಳಿಯಲಾರಳು. ಅದನ್ನು ಅಳೆಯುವವರು ಬೇಕು. ಅವರಿಗೆ ಉಪಕರಣ ಬೇಕು. ಬಂದ ಅಂಕಿಯನ್ನು ಅಂಜದೆ ಹೇಳುವ ಧೈರ್ಯ ಬೇಕು. ಮಕ್ಕಳನ್ನು ವಿಜ್ಞಾನದ ಶಿಕ್ಷಣಕ್ಕೆ ಕಳುಹಿಸುವ ತಂದೆತಾಯಂದಿರು ವೈದ್ಯಕೀಯ, ಇಂಜಿನಿಯರಿಂಗ್ ಎರಡನ್ನೇ ಎಣಿಸದೆ, ರಸಾಯನಶಾಸ್ತ್ರ ಓದಿ ಪರೀಕ್ಷಾಲಯ ಸೇರುವ ಮಗನನ್ನೂ ಮಗಳನ್ನೂ ಅಷ್ಟೇ ಅಭಿಮಾನದಿಂದ ಹರಸಬೇಕು. ಜಗತ್ತಿನ ಮಕ್ಕಳಲ್ಲಿ ಮೂವರಲ್ಲಿ ಒಬ್ಬರ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆಯೆಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿದೆ. ಆ ಕೆಲಸಕ್ಕೆ ಇನ್ನೂ ಬಹಳ ಕೈಗಳು ಬೇಕಾಗಿವೆ.